ಸಬ್ಯಾದ ಗುಡ್ಡದಲ್ಲಿ ಕೆಂಪುಕಲ್ಲು

ನನ್ನ ಭಾವ ಹಂಝ ಅವರನ್ನು ಯಾರ ಮನೆಗೂ ಕರೆದುಕೊಂಡು ಹೋಗಬಾರದು. ಹೋದ ಮನೆಯಲ್ಲಿ ಸಲಾಂ ಹೇಳಿ ಕುಳಿತುಕೊಳ್ಳುವುದು ಬಿಟ್ಟು, ಮೊದಲು ಗೋಡೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ಆಮೇಲೆ ಮುಖ ಹುಳಿ ಮಾಡಿಕೊಂಡು, "ಸಿಮೆಂಟಿನ ಬ್ಲಾಕು," ಎನ್ನುತ್ತಾರೆ. ಮನೆಯವರು ಚಹಾ ತಂದರೂ ಅಷ್ಟೆ, ಬಿರಿಯಾನಿ ತಂದರೂ ಅಷ್ಟೆ, ಆ ಮುಖ ಮತ್ತೆ ನೆಟ್ಟಗಾಗುವುದಿಲ್ಲ. ನನಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಹೆಣ್ಣಿನ ತಂದೆ ಗಾಬರಿಯಾಗಿ, "ಗೋಡೆಗೆ ಗೆದ್ದಲು ಹಿಡಿದಿದೆಯಾ?" ಎಂದು ಕೇಳಿದರು. ನಾನು ನಾಚಿಕೆಯಿಂದ ನೆಲ ನೋಡುತ್ತ ಕುಳಿತಿದ್ದೆ. ಹೆಣ್ಣಿನ ಮುಖವನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆಯೇ.

ಭಾವ ಬಂಟ್ವಾಳದ ಹತ್ತಿರ ಸಜಿಪದವರು. ಮೀಸೆ ಮೂಡುವ ಮೊದಲೇ ಪಿಕ್ಕಾಸು ಹಿಡಿದು, ಅಪ್ಪನ ಜೊತೆ ಕೆಂಪುಕಲ್ಲಿನ ಕೋರೆಗೆ ಇಳಿದವರು. ನಮ್ಮ ಕಡೆಯ ಕೆಂಪುಕಲ್ಲು ಗೊತ್ತಲ್ಲ, ಮುರಕಲ್ಲು ಅಂತಲೂ ಹೇಳುತ್ತಾರೆ. ನೆಲದೊಳಗೆ ಇರುವಾಗ ಮೆತ್ತಗೆ, ಪಿಕ್ಕಾಸಿನಲ್ಲೇ ಕಡಿಯಬಹುದು. ಕಡಿದು ಹೊರಗಿಟ್ಟರೆ ಗಾಳಿ ಮಳೆ ಬಿಸಿಲು ತಾಗಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಭಾವ ಕಡಿದ ಕಲ್ಲಿಗೆ ಮತ್ತೆ ಅಂಚು ಕೆತ್ತಬೇಕಾಗಿಲ್ಲ ಎಂದು ಮೇಸ್ತ್ರಿಗಳು ಹೇಳುತ್ತಿದ್ದರಂತೆ. ಅದನ್ನು ಹೇಳಿದ್ದು ಯಾವ ಮೇಸ್ತ್ರಿಯೋ ನನಗೆ ತಿಳಿಯದು, ನಾನು ಕೇಳಿದ್ದೆಲ್ಲ ಭಾವನ ಬಾಯಿಯಿಂದಲೇ. ಆಮೇಲೆ ಕೋರೆಗೆ ಕಲ್ಲು ಕಡಿಯುವ ಮೆಷಿನ್ ಬಂತು. ಕೈಯಲ್ಲಿ ಕಡಿಯುವವರನ್ನು ಕೇಳುವವರು ಇಲ್ಲವಾದರು. ಎರಡು ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ಆಗ ನನ್ನ ಅಕ್ಕ ಖತೀಜಮ್ಮ ಫೋನಿನಲ್ಲಿ ಅತ್ತು ಕರೆದು, ನನ್ನಿಂದ ಅವರಿಗೆ ಒಂದು ವೀಸಾ ಮಾಡಿಸಿದಳು.

ನನ್ನದು ಸೌದಿಯ ದಕ್ಷಿಣದ ತುದಿಯಲ್ಲಿ, ಜಿಜಾನ್‌ನಿಂದ ಸ್ವಲ್ಪ ಮೇಲೆ, ಸಬ್ಯಾ ಎಂಬ ಊರಿನಲ್ಲಿ ಒಂದು ಬಕಾಲಾ, ಅಂದರೆ ದಿನಸಿ ಅಂಗಡಿ. ಅಲ್ಲಿಗೆ ದಿನಾ ಮೊಸರು ಕೊಳ್ಳಲು ಬರುತ್ತಿದ್ದ ಯಹ್ಯಾ ಎಂಬ ಮುದುಕನಿಗೆ ಮಾವಿನ ತೋಟ ನೋಡಿಕೊಳ್ಳಲು ಒಬ್ಬ ಬೇಕಾಗಿತ್ತು. ಭಾವನಿಗೆ ಆತ ಕಫೀಲನಾದ, ಅಂದರೆ ವೀಸಾ ಕೊಟ್ಟ ಧಣಿ; ಪಾಸ್‌ಪೋರ್ಟು ಆತನ ಪೆಟ್ಟಿಗೆಯಲ್ಲಿ, ಆತ ಬಿಡದೆ ಊರಿಗೆ ಹೋಗುವ ಹಾಗಿಲ್ಲ. ಕೆಲಸ ಕಷ್ಟದ್ದಲ್ಲ, ಸಂಬಳ ತಪ್ಪಿದ್ದಿಲ್ಲ, ಊಟ ಒಂದೇ ತಟ್ಟೆಯಲ್ಲಿ. ತೊಂದರೆ ಒಂದೇ: ಊರಿಗೆ ಕಳಿಸು ಎಂದರೆ ಮುದುಕನಿಗೆ ಕಿವಿ ಕೇಳಿಸುವುದಿಲ್ಲ. ದೊಡ್ಡ ಮಗಳು ಝೀನತ್‌ಳ ನಿಕಾಹ್ ಮಾವಿನ ಕೊಯ್ಲಿನ ಹೊತ್ತಿಗೆ ಬಂತು; ಆತ ಬಿಡಲಿಲ್ಲ. ತಂದೆ ಹಿಡಿಯಬೇಕಾದ ಅಳಿಯನ ಕೈಯನ್ನು ಭಾವನ ಅಣ್ಣ ಹಿಡಿದು ಮಗಳನ್ನು ಕೊಟ್ಟರು. ಭಾವ ನನ್ನ ಅಂಗಡಿಯ ಹಿಂದೆ ಅಕ್ಕಿ ಗೋಣಿಯ ಮೇಲೆ ಕುಳಿತು ಫೋನಿಗೆ ಕಿವಿ ಹಚ್ಚಿ ಅದನ್ನು ಕೇಳಿದರು. ಮುಗಿದ ಮೇಲೆ ಮಕ್ಕಳ ಹಾಗೆ ಅತ್ತರು. "ಶಹಲಾಳನ್ನು ನಾನೇ ಕೊಡುವುದು. ಯಾರು ಅಡ್ಡ ಬಂದರೂ ಸರಿ," ಎಂದರು.

ಆ ಶಹಲಾಳ ನಿಕಾಹ್ ಗೊತ್ತಾದದ್ದು ೨೦೧೪ರಲ್ಲಿ, ಬಕ್ರೀದ್ ಕಳೆದು ಎರಡನೇ ಭಾನುವಾರಕ್ಕೆ. ಹುಡುಗನ ಹೆಸರು ಅಜ್ಮಲ್. ಬಿ.ಸಿ. ರೋಡಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದವನಿಗೆ ದಮಾಮ್‌ಗೆ ವೀಸಾ ಬಂದಿತ್ತು. ಮದುವೆ ಮುಗಿದ ಮರುತಿಂಗಳೇ ಅವನು ಹೊರಡಬೇಕು. ಹಾಗಾಗಿ ದಿನ ಮುಂದೆ ಹಾಕುವ ಮಾತೇ ಇರಲಿಲ್ಲ. ಭಾವ ಬಂದರೆ ಬಂದರು, ಬರದಿದ್ದರೆ ಮತ್ತೆ ಅಣ್ಣನ ಕೈಯೇ.

ರಂಝಾನ್ ಮುಗಿದ ಹೊಸತರಲ್ಲಿ ಒಂದು ಮಧ್ಯಾಹ್ನ ಭಾವನ ಫೋನು ಬಂತು.

"ನಝೀಮ್, ಕೂಡಲೇ ಬಾ. ಅಂಗಡಿ ಬಾಗಿಲು ಹಾಕಿ ಬಾ."

"ಎಂತ ಆಯ್ತು ಭಾವ? ಹಾವು ಕಚ್ಚಿತಾ?"

"ನೀನು ಬಾ ಮಾರಾಯ. ಫೋನಿನಲ್ಲಿ ಹೇಳುವ ವಿಷಯ ಅಲ್ಲ."

ಪಿಕಪ್ ಹತ್ತಿ ಓಡಿದೆ. ಸಬ್ಯಾ ಊರಿನ ಹೊರಗೆ ಬಯಲಿನಲ್ಲಿ ಅಲ್ಲಲ್ಲಿ ಕೆಲವು ಸಣ್ಣ ಗುಡ್ಡಗಳಿವೆ. ಬೋರಲು ಹಾಕಿದ ಮಡಕೆಯ ಆಕಾರ, ಇದ್ದಲಿನ ಬಣ್ಣ, ಹುಲ್ಲು ಕೂಡ ಹುಟ್ಟದ ಒಣ ಗುಡ್ಡಗಳು. ಅವುಗಳಲ್ಲೊಂದರ ಬುಡದಲ್ಲೇ ಯಹ್ಯಾನ ತೋಟ. ಆ ವರ್ಷ ಯಾವನೋ ಗುತ್ತಿಗೆದಾರ ರಸ್ತೆಯ ಜಲ್ಲಿಗಾಗಿ ಗುಡ್ಡದ ಒಂದು ಬದಿಯನ್ನು ಜೆಸಿಬಿಯಲ್ಲಿ ಕೊರೆದು ಹೋಗಿದ್ದ. ನಾನು ಹೋಗಿ ನೋಡಿದರೆ ಭಾವ ಆ ಕೊರೆದ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಾರೆ. ಕಣ್ಣಲ್ಲಿ ನೀರು.

"ನೋಡು! ಮುರಕಲ್ಲು!"

ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊರಗೆ ಕರಿಗುಡ್ಡವಾಗಿದ್ದುದು ಒಳಗೆ ಕೆಂಪೆಂದರೆ ಕೆಂಪು. ಮೈತುಂಬ ತೂತು. ಬಂಟ್ವಾಳದ ಯಾವನನ್ನೇ ಆಗಲಿ ಕಣ್ಣು ಕಟ್ಟಿ ತಂದು ಅಲ್ಲಿ ಬಿಚ್ಚಿದ್ದರೆ, ನಮ್ಮೂರಿನ ಕೋರೆ ಎಂದೇ ಹೇಳುತ್ತಿದ್ದ.

"ಹೌದಲ್ಲ ಭಾವ!" ಎಂದೆ.

"ಪಾಪ, ಇವರಿಗೆ ಗೊತ್ತೇ ಇಲ್ಲ. ಇಂಥ ಬಂಗಾರದಂಥ ಕಲ್ಲನ್ನು ಪುಡಿ ಮಾಡಿ ರಸ್ತೆಗೆ ಹಾಕ್ತಾರಲ್ಲ, ಇವರಿಗೆ ಬುದ್ಧಿ ಬೇಡವಾ?"

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಭಾವನಿಗೆ ಬಾಯಿ ಸುಮ್ಮನಿರಬೇಕಲ್ಲ! ನನ್ನನ್ನೂ ಎಳೆದುಕೊಂಡು ನೇರ ಯಹ್ಯಾನ ಹತ್ತಿರ ಹೋದರು. ಮುದುಕ ತೋಟದ ಶೀಟಿನ ಶೆಡ್ಡಿನಲ್ಲಿ ಬೆವರು ಒರೆಸುತ್ತ ಕಾವಾ, ಅಂದರೆ ಅರಬ್ಬಿ ಕಾಫಿ, ಕುಡಿಯುತ್ತಿದ್ದ. ಬಕ್ರೀದ್‌ಗೆ ಬರುವ ನೆಂಟರನ್ನು ಆತ ಆ ಶೆಡ್ಡಿನಲ್ಲೇ ಕೂರಿಸುವುದು. ನೆಂಟರು ಮಾಂಸ ಬೇಯುವ ಮೊದಲು ತಾವೇ ಬೇಯುತ್ತಿದ್ದರು. ಭಾವನ ಅರಬ್ಬಿಯಲ್ಲಿ ಮಾತಿಗಿಂತ ಕೈ ಜಾಸ್ತಿ. ಕೈಯಲ್ಲೇ ಗುಡ್ಡ ಕಡಿದರು, ಕೈಯಲ್ಲೇ ಗೋಡೆ ಎಬ್ಬಿಸಿದರು, ಬಾಗಿಲಿಟ್ಟರು, ಮುದುಕನನ್ನು ಒಳಗೆ ಕೂರಿಸಿದರು. ತಮ್ಮ ಊರಿನಲ್ಲಿ ಈ ಕಲ್ಲಿನ ಮನೆಗಳಿಗೆ ಏಸಿಯೇ ಬೇಡ ಎಂದರು. ನಮ್ಮೂರಿನ ಕೆಂಪುಕಲ್ಲಿನ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಬನಿಯನ್ ಹಿಂಡಿದರೆ ಬಕೆಟ್ ತುಂಬುತ್ತದೆ ಎಂಬುದನ್ನು ನಾನು ಹೇಳಲು ಹೋಗಲಿಲ್ಲ.

"ಬಕ್ರೀದ್ ಒಳಗೆ ನಿನಗೆ ನೆಂಟರ ಕೋಣೆ ಕಟ್ಟಿಕೊಡ್ತೇನೆ," ಎಂದರು ಭಾವ. "ಕೋಣೆ ಎದ್ದ ಮೇಲೆ ನನ್ನ ಪಾಸ್‌ಪೋರ್ಟು ನನ್ನ ಕೈಗೆ, ನನಗೆ ಎರಡು ತಿಂಗಳು ರಜೆ. ಕೋಣೆ ಆಗದೆ ನಾನು ಹೋಗುವುದಿಲ್ಲ, ಇದು ನನ್ನ ಮಾತು."

ರಜೆ ಎಂದರೆ ಕಿವುಡಾಗುವ ಮುದುಕ ಕಾವಾದ ಕಪ್ಪನ್ನು ಕೆಳಗಿಟ್ಟ. ಭಾವನ ಮುಖ ನೋಡಿದ, ಗುಡ್ಡ ನೋಡಿದ.

"ತಮಾಮ್, ಆಗಲಿ," ಎಂದ. ಕೈ ಕೂಡ ಕುಲುಕಿದ.

ಮರುದಿನದಿಂದ ಕೆಲಸ ಶುರುವಾಯಿತು. ಸೆಕೆ ಹೇಗಿತ್ತೆಂದರೆ ಕಾಗೆಗಳು ಕೂಡ ನೆರಳು ಹುಡುಕಿ ಬಾಯಿ ತೆರೆದು ಕೂತಿದ್ದವು. ಭಾವ ಪೇಟೆಯಿಂದ ಒಂದು ಪಿಕ್ಕಾಸು ತಂದು, ಕಮ್ಮಾರನ ಹತ್ತಿರ ಅದನ್ನು ನಮ್ಮೂರಿನ ಹದಕ್ಕೆ ತಟ್ಟಿಸಿ, ಬಿಸ್ಮಿಲ್ಲಾ ಹೇಳಿ ಮೊದಲ ಏಟು ಹಾಕಿದರು. ಗೋಣಿಯ ಬಾಯಿ ಬಿಚ್ಚಿದ ಹಾಗೆ ಸರ್ರೆಂದು ಜಲ್ಲಿ ಸುರಿದು ಭಾವನನ್ನು ಸೊಂಟದ ತನಕ ಮುಚ್ಚಿತು. ನಾನು ಎಳೆದು ತೆಗೆದೆ. ಪಕ್ಕದ ಪದರಕ್ಕೆ ಏಟು ಹಾಕಿದರು. ಅದು ಠಣ್ಣೆಂದು ಕಿಡಿ ಹಾರಿಸಿ ಪಿಕ್ಕಾಸಿನ ಮೂತಿಯನ್ನೇ ಸೊಟ್ಟ ಮಾಡಿತು.

"ಎಂತ ಭಾವ ಇದು? ಒಂದು ಪದರ ಅವಲಕ್ಕಿ, ಇನ್ನೊಂದು ಕಬ್ಬಿಣ!"

"ಒಂದೊಂದು ಕೋರೆಗೆ ಒಂದೊಂದು ಸ್ವಭಾವ ಇರ್ತದೆ. ನಿನಗೆ ಗೊತ್ತಾಗುವುದಿಲ್ಲ, ನೀನು ಸಾಬೂನು ಮಾರು."

ಕೊನೆಗೆ ನಡುವಿನ ಒಂದು ಪದರ ಸಿಕ್ಕಿತು. ಅತ್ತ ಪುಡಿಯೂ ಅಲ್ಲ, ಇತ್ತ ಕಬ್ಬಿಣವೂ ಅಲ್ಲ. ಚೂರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದರಲ್ಲಿ ಭಾವ ಕಲ್ಲು ಕಡಿದರು. ಕಡಿಯುವ ಕೈ ಕಡಿಯುವ ಕೈಯೇ, ಅದನ್ನು ಒಪ್ಪಬೇಕು. ನಾಲ್ಕು ಮೂಲೆ ಅಳತೆ ಹಿಡಿದಂತೆ ಇತ್ತು. ಕಲ್ಲು ಸ್ವಲ್ಪ ಮೆತ್ತಗಿತ್ತು, ಕೈಯಿಂದ ಒರೆಸಿದರೆ ಪುಡಿ ಉದುರುತ್ತಿತ್ತು. ಭಾವನಿಗೆ ಅದರಿಂದ ಇನ್ನಷ್ಟು ಸಂತೋಷ. ನಮ್ಮ ಕಲ್ಲೂ ಹಸಿಯಿರುವಾಗ ಹೀಗೇ ಅಲ್ಲವೆ, ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ ಎಂದು ಸಾಲಾಗಿ ಒಣಹಾಕಿದರು. ಮಳೆ ಇಲ್ಲದ ಊರು, ಮಳೆಗಾಲವನ್ನೂ ತಾವೇ ಮಾಡಬೇಕಲ್ಲ! ಮಾವಿನ ಮರಕ್ಕೆ ನೀರು ಬಿಡುವ ಪೈಪು ಎಳೆದು ತಂದು ಬೆಳಿಗ್ಗೆ ಸಂಜೆ ಕಲ್ಲಿಗೆ ಮಳೆ ಸುರಿಸಿದರು.

ಸುದ್ದಿ ಹರಡಿತು. ಅಕ್ಕಪಕ್ಕದ ತೋಟಗಳ ಮುದುಕರು ಕಾವಾದ ಫ್ಲಾಸ್ಕ್ ಹಿಡಿದುಕೊಂಡು ಬಂದು, ಚಾಪೆ ಹಾಸಿ ಕುಳಿತು, ಭಾವ ಕಲ್ಲಿಗೆ ನೀರು ಹಾಕುವುದನ್ನು ನೋಡತೊಡಗಿದರು. ಆಗಾಗ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು.

"ಮೆಚ್ಚಿಕೊಂಡಿದ್ದಾರೆ," ಎಂದರು ಭಾವ.

ಒಂದು ದಿನ ಯಹ್ಯಾನ ಆಡೊಂದು ಕಲ್ಲಿನ ರಾಶಿಯನ್ನು ಹತ್ತಿತು. ಆಡು ಹತ್ತುವುದು ಅದರ ಜಾತಿಗುಣ, ಅದರಲ್ಲೇನೂ ತಪ್ಪಿಲ್ಲ. ಆದರೆ ಇದು ಹತ್ತಿದ ಹಾಗೆಲ್ಲ ರಾಶಿ ಇಳಿಯುತ್ತ ಹೋಯಿತು. ಆಡು ಮೇಲೆ ಮುಟ್ಟುವ ಹೊತ್ತಿಗೆ ಮೇಲೆ ಎಂಬುದೇ ಇರಲಿಲ್ಲ. ಕೆಂಪು ಪುಡಿಯಲ್ಲಿ ಮೊಣಕಾಲ ತನಕ ಹೂತು ನಿಂತು ಭಾವನನ್ನು ನೋಡಿ ಮ್ಯಾ ಎಂದಿತು. ಭಾವ ಅದಕ್ಕೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದರ ಅಜ್ಜಿಯ ತನಕ ಹೋದರು. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಹ್ಯಾ ಮಾತ್ರ ಎದ್ದು ಬಂದು ಭಾವನ ಬೆನ್ನು ತಟ್ಟಿ, "ಪರವಾಗಿಲ್ಲ ಹಂಝಾ, ಯಲ್ಲಾ, ಇನ್ನೊಮ್ಮೆ ಶುರು ಮಾಡು," ಎಂದ.

ಇನ್ನೊಮ್ಮೆ ಶುರುವಾಯಿತು. ಈ ಸಲ ರಾಶಿ ಹಾಕದೆ, ಕಡಿದ ಹಾಗೆಯೇ ಮಣ್ಣು ಮೆತ್ತಿ ಗೋಡೆ ಎಬ್ಬಿಸಿದರು. ಗೋಡೆ ಸೊಂಟದೆತ್ತರಕ್ಕೆ ಬಂದ ದಿನ ಯಹ್ಯಾ ಬಂದು ಸುತ್ತ ನೋಡಿ, ಮಾಶಾಅಲ್ಲಾಹ್ ಎಂದು ಆರಾಮವಾಗಿ ಒರಗಿ ನಿಂತ. ಗೋಡೆ ಕುಳಿತುಕೊಂಡಿತು. ಅದರ ಜೊತೆ ಯಹ್ಯಾನೂ ಕುಳಿತುಕೊಂಡ. ಎಬ್ಬಿಸಿ ನಿಲ್ಲಿಸಿದರೆ ಬಿಳಿ ನಿಲುವಂಗಿಯ ಹಿಂಭಾಗವೆಲ್ಲ ಕೆಂಪು.

"ಒಳ್ಳೆಯ ಗೋಡೆ," ಎಂದ ಮುದುಕ, ಹಿಂದೆ ಕೊಡವಿಕೊಳ್ಳುತ್ತ. "ಇನ್ನೊಂದು ಕಟ್ಟು."

ತನ್ನನ್ನೇ ಕೆಡವಿದ ಗೋಡೆಯನ್ನು ಹೊಗಳುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಸಿಟ್ಟು ಬರುವುದಿಲ್ಲವೇ ಈತನಿಗೆ ಎಂದುಕೊಂಡೆ.

ಅಷ್ಟರಲ್ಲಿ ಅಕ್ಕನ ಫೋನು.

"ನಿನ್ನ ಭಾವ ಎಂತ ಮಾಡ್ತಿದ್ದಾರೆ ಅಲ್ಲಿ? ಫೋನು ಮಾಡಿದರೆ ಉಸಿರು ಬಿಡ್ತಾರೆ, ಮಾತಾಡುವುದಿಲ್ಲ."

"ಮನೆ ಕಟ್ತಿದ್ದಾರೆ ಅಕ್ಕ."

"ಯಾರಿಗೆ?"

"ಕಫೀಲನಿಗೆ."

"ಇಲ್ಲಿ ಬಚ್ಚಲಿನ ಗೋಡೆ ಬಿದ್ದು ವರ್ಷ ಆಯ್ತು, ನಾನು ಸೀರೆ ಕಟ್ಟಿ ಮರೆ ಮಾಡಿದ್ದೇನೆ! ಆ ಮನುಷ್ಯನಿಗೆ ಅರಬಿಯ ಮನೆ ಕಟ್ಟಬೇಕಾ?" ಎಂದು ಕೂಗಿದಳು. ಆಮೇಲೆ ದನಿ ಇಳಿಯಿತು. "ನಝೀಮ್, ಬರುವುದಿಲ್ಲವಾದರೆ ಈಗಲೇ ಹೇಳಲಿ. ಮೊದಲು ಶಹಲಾ ದಿನಾ ಕೇಳ್ತಿದ್ದಳು, ಉಪ್ಪ ಯಾವಾಗ ಬರ್ತಾರೆ ಅಂತ. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ."

ಅಂಗಡಿಯಲ್ಲಿ ಒಬ್ಬ ಗಿರಾಕಿ ಬಹಳ ಹೊತ್ತಿನಿಂದ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದ. ಬೆನ್ನಿಗೆ ಚೀಲ, ಸೊಂಟದಲ್ಲಿ ಸುತ್ತಿಗೆ. ನಾನು ಫೋನು ಇಟ್ಟ ಕೂಡಲೇ, "ನೀವು ಮಂಗಳೂರು ಕಡೆಯವರಾ?" ಎಂದು ಕನ್ನಡದಲ್ಲಿ ಕೇಳಿದ. ಭಟ್ಕಳದ ಹುಡುಗ, ಹೆಸರು ತಮೀಮ್. ಭೂಗರ್ಭಶಾಸ್ತ್ರ ಓದಿದವ. ಯಾವುದೋ ಕಂಪನಿಯಿಂದ ಈ ಗುಡ್ಡಗಳನ್ನೇ ನೋಡಲು ಬಂದಿದ್ದಾನೆ. ಇದಕ್ಕಿಂತ ಹೆಚ್ಚು ಇನ್ನೇನು ಬೇಕು? ನೀರಿನ ದುಡ್ಡು ಬೇಡ ಎಂದು ಹೇಳಿ ಪಿಕಪ್ಪಿಗೆ ಹತ್ತಿಸಿದೆ.

ತಮೀಮ್ ಬಂದವನೇ ಭಾವ ಕಡಿದ ಕಲ್ಲಿನ ಒಂದು ಚೂರು ಒಡೆದು, ಕಣ್ಣಿಗೆ ಹಿಡಿದು ನೋಡಿ, ನಾಲಗೆಯಿಂದ ನೆಕ್ಕಿದ.

"ಯಾ ಅಲ್ಲಾಹ್!" ಎಂದು ಭಾವ ಹಿಂದೆ ಸರಿದರು. ನನ್ನ ಕಿವಿಯಲ್ಲಿ, "ಇವನನ್ನು ಎಲ್ಲಿಂದ ಹಿಡಿದು ತಂದೆ?" ಎಂದರು.

"ಒದ್ದೆ ಮಾಡಿದರೆ ಕಲ್ಲಿನ ಕಣ ಸರಿ ಕಾಣ್ತದೆ," ಎಂದು ತಮೀಮ್ ನಕ್ಕ. "ಹಂಝ ಭಾಯಿ, ಇದು ಕೆಂಪುಕಲ್ಲಲ್ಲ."

"ಕೆಂಪಾಗಿಲ್ವಾ? ಕಲ್ಲಲ್ವಾ?"

"ಎರಡೂ ಹೌದು. ಆದರೆ ನಿಮ್ಮೂರಿನದು ಮಳೆಯ ಕಲ್ಲು. ಲಕ್ಷಗಟ್ಟಲೆ ವರ್ಷ ಮಳೆ ಸುರಿದು ಉಳಿದದ್ದೆಲ್ಲ ತೊಳೆದು ಹೋಗಿ ಕಬ್ಬಿಣದ ಅಂಶ ನಿಂತದ್ದು. ಅದಕ್ಕೇ ಗಾಳಿ ತಾಗಿದರೆ ಗಟ್ಟಿಯಾಗ್ತದೆ. ಇದು ಬೆಂಕಿಯ ಕಲ್ಲು. ಸೋಡಾ ಬಾಟಲಿ ಕುಲುಕಿ ಮುಚ್ಚಳ ತೆಗೆದರೆ ನೊರೆ ಹಾರ್ತದಲ್ಲ, ಹಾಗೆ ಭೂಮಿಯ ಒಳಗಿಂದ ಕರಗಿದ ಕಲ್ಲು ಗ್ಯಾಸಿನ ಜೊತೆ ಹಾರಿ, ತಣಿದು ಬಿದ್ದು ಗುಡ್ಡ ಆದದ್ದು. ಈ ತೂತೆಲ್ಲ ಗ್ಯಾಸಿನ ಗುಳ್ಳೆ. ದೂರ ಬಿದ್ದು ಬೇಗ ತಣಿದದ್ದು ಕಪ್ಪು. ಬಾಯಿಯ ಹತ್ತಿರ ಬಿಸಿಬಿಸಿ ಇರುವಾಗಲೇ ಗಾಳಿ, ಹಬೆ ತಾಗಿದ್ದು ತುಕ್ಕು ಹಿಡಿದು ಕೆಂಪು. ತಣಿದು ಬಿದ್ದ ಪದರ ಪುಡಿ, ಕಾದಿರುವಾಗಲೇ ಬಿದ್ದ ಪದರ ಬೆಸೆದುಕೊಂಡು ಕಬ್ಬಿಣದ ಹಾಗೆ."

"ಒಣಗಿದರೆ ಗಟ್ಟಿಯಾಗುವುದಿಲ್ವಾ?"

"ಗಟ್ಟಿಯಾಗುವುದಿದ್ದರೆ ಬಿದ್ದ ದಿನವೇ ಆಗಿ ಮುಗಿದಿದೆ. ಇನ್ನು ನೀವು ನೀರು ಹಾಕಿದರೂ ಇಲ್ಲ, ಹಾಲು ಹಾಕಿದರೂ ಇಲ್ಲ."

ಭಾವನಿಗೆ ತಟ್ಟನೆ ಹೊಳೆಯಿತು.

"ಅಂದರೆ ಇದು ಅಗ್ನಿಪರ್ವತವಾ?"

"ಸಣ್ಣದು."

"ಸಣ್ಣದಾದರೆ ಎಂತ, ಬೆಂಕಿ ಬೆಂಕಿಯೇ! ಎಂಟು ವರ್ಷದಿಂದ ನಾನು ಇದರ ಬುಡದಲ್ಲಿ ಚಾಪೆ ಹಾಕಿ ಮಲಗ್ತಿದ್ದೇನೆ!" ಎಂದು ನನ್ನ ಕಡೆ ತಿರುಗಿದರು. "ಕೆಲಸ ಕೊಡಿಸಲಿಕ್ಕೆ ನಿನಗೆ ಬೇರೆ ಜಾಗ ಸಿಗಲಿಲ್ವಾ? ಅಗ್ನಿಪರ್ವತವೇ ಆಗಬೇಕಿತ್ತಾ?"

"ಹೆದರಬೇಡಿ," ಎಂದ ತಮೀಮ್. "ಇಂಥ ಪುಟ್ಟ ಗುಡ್ಡಗಳು ಸಾಮಾನ್ಯವಾಗಿ ಒಂದು ಸಲ ಉಗುಳಿ ಮುಗಿಸ್ತವೆ. ಮತ್ತೆ ಇದೇ ಬಾಯಿ ತೆರೆಯುವುದಿಲ್ಲ. ಮುಂದಿನ ಸಲ ಬೇರೆ ಕಡೆ ಬಾಯಿ ತೆರೀತದೆ."

"ಬೇರೆ ಕಡೆ ಅಂದರೆ ಎಲ್ಲಿ?"

"ಅದು ಹೇಳ್ಲಿಕ್ಕೆ ಬರುವುದಿಲ್ಲ."

"ಮಾವಿನ ತೋಟದ ಒಳಗೂ ಆಗಬಹುದಾ?"

"ಆಗಬಹುದು. ಇನ್ನು ಸಾವಿರಾರು ವರ್ಷ ಎಲ್ಲಿಯೂ ಆಗದೆಯೂ ಇರಬಹುದು."

ಓದಿದ ಹುಡುಗರಿಗೆ ಒಂದು ಸುಳ್ಳು ಹೇಳಿ ಮನುಷ್ಯನಿಗೆ ಧೈರ್ಯ ತುಂಬಲು ಕೂಡ ಬರುವುದಿಲ್ಲ ನೋಡಿ. ಆಮೇಲೆ ಎಷ್ಟೋ ದಿನ ಭಾವ ತೋಟದಲ್ಲಿ ಕಾಲಿಡುವ ಮೊದಲು ಅಂಗಾಲಿನಿಂದ ನೆಲ ಮುಟ್ಟಿ, ಬಿಸಿಯಿದೆಯೇ ಎಂದು ನೋಡುತ್ತಿದ್ದರು. ಆ ಊರಿನಲ್ಲಿ ನೆಲ ಬಿಸಿ ಇಲ್ಲದಿರುವುದು ಯಾವಾಗ?

ಉಪಾಯವನ್ನೂ ತಮೀಮನೇ ಹೇಳಿದ. ಇದೇ ಜಲ್ಲಿಗೆ ಸಿಮೆಂಟು ಕಲಸಿ ಅಚ್ಚಿಗೆ ಹಾಕಿದರೆ ಹಗುರವಾದ, ಒಳ್ಳೆಯ ಬ್ಲಾಕು ಆಗುತ್ತದೆ. ಬಿಸಿಲನ್ನೂ ಒಳಗೆ ಬಿಡುವುದಿಲ್ಲ. ಒಂದು ಕೋಣೆಗೆ ಬಕ್ರೀದ್‌ನ ತನಕ ಸಮಯ ಸಾಕು. "ಸಿಮೆಂಟಿನ ಬ್ಲಾಕು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಎದ್ದು ಹೋಗಿ ಮಾವಿನ ಮರದ ಕೆಳಗೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ಮಧ್ಯಾಹ್ನದ ಊಟ ಬೇಡ ಎಂದರು. ನಾನು ಪಕ್ಕದಲ್ಲಿ ಹೋಗಿ ಕುಳಿತೆ.

"ಭಾವ, ಅಕ್ಕ ಫೋನು ಮಾಡಿದ್ದಳು. ಶಹಲಾ ನೀವು ಬರ್ತೀರಾ ಅಂತ ಕೇಳುವುದನ್ನೇ ಬಿಟ್ಟಿದ್ದಾಳಂತೆ."

ಅವರು ಎದ್ದು ಲುಂಗಿ ಕೊಡವಿದರು.

"ಅಚ್ಚು ಎಲ್ಲಿ ಸಿಗ್ತದೆ ಕೇಳು," ಎಂದರು. "ಅವಳಿಗಾಗಿ ಸಿಮೆಂಟಾದರೂ ಕಲಸ್ತೇನೆ, ಸೆಗಣಿಯಾದರೂ ಕಲಸ್ತೇನೆ."

ಇಬ್ಬರೂ ಯಹ್ಯಾನ ಹತ್ತಿರ ಹೋದೆವು. ಸಿಮೆಂಟು ತರಿಸಿಕೊಡು ಎಂದೆವು. ಬಿದ್ದ ಗೋಡೆಗಳನ್ನೆಲ್ಲ ನಗುತ್ತ ಸಹಿಸಿದ್ದ ಮುದುಕನ ಮುಖದಲ್ಲಿ ಅವತ್ತು ಮೊದಲ ಸಲ ಗಂಟು ಕಂಡಿತು.

"ಸಿಮೆಂಟು ಬೇಡ. ನೀನು ಕಲ್ಲು ಎಂದಿದ್ದೆ. ನಿನ್ನ ಊರಿನ ಹಾಗೆಯೇ ಬೇಕು."

"ಯಾ ಯಹ್ಯಾ, ಸಿಮೆಂಟು ಹಾಕಿದರೆ ಕೋಣೆ ನಿಲ್ಲುತ್ತದೆ," ಎಂದೆ ನಾನು.

"ನಿಲ್ಲುವುದು ಬೇಡ. ಕಲ್ಲು ಬೇಕು."

ಭಾವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಕೈ ಆಡಿಸಲಿಲ್ಲ, ಸುಮ್ಮನೆ ಮಾತಾಡಿದರು. "ನನಗೆ ಮೋಸ ಆಯ್ತು. ಇದು ನನ್ನ ಊರಿನ ಕಲ್ಲಲ್ಲ, ಬೆಂಕಿಯ ಕಲ್ಲು. ಇದರಲ್ಲಿ ಗೋಡೆ ನಿಲ್ಲುವುದಿಲ್ಲ. ನಾನು ಕೊಟ್ಟ ಮಾತು ಸೋತಿತು. ಒಬ್ಬ ಮಗಳನ್ನು ನನ್ನ ಕೈಯಾರೆ ಕೊಡಲಾಗಲಿಲ್ಲ. ಇವಳನ್ನಾದರೂ ಕೊಟ್ಟು ಬರ್ತೇನೆ, ನನ್ನನ್ನು ಬಿಡು."

ಯಹ್ಯಾ ಕಾವಾದ ಕಪ್ಪನ್ನು ತಿರುಗಿಸುತ್ತ ಕುಳಿತಿದ್ದ.

"ಈ ಕಲ್ಲು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು," ಎಂದ.

"ಯಾವಾಗ ಗೊತ್ತಾಯ್ತು?" ಎಂದು ನಾನು ಕೇಳಿದೆ.

"ಯಾವಾಗ ಅಂದರೆ? ಹುಟ್ಟಿದಾಗಿನಿಂದ. ನನ್ನ ಅಜ್ಜನಿಗೂ ಗೊತ್ತಿತ್ತು. ಸಬ್ಯಾದಲ್ಲಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಚಾಪೆ ಹಾಕಿ ಕೂರುವವರೆಲ್ಲ ಮತ್ತೆ ಯಾಕೆ ನಗುವುದು?"

"ಗೊತ್ತಿದ್ದೂ ಒಪ್ಪಿದ್ದು ಯಾಕೆ?"

ಮುದುಕ ನನ್ನನ್ನು ನೋಡಲಿಲ್ಲ, ಭಾವನನ್ನೇ ನೋಡಿದ. "ನಿನಗಿಂತ ಮೊದಲು ಇದ್ದವನು ರಜೆಗೆ ಹೋದ, ಬರಲಿಲ್ಲ. ಅವನಿಗಿಂತ ಮೊದಲಿನವನೂ ಹಾಗೇ. ನೀನು ಕೋಣೆ ಆಗದೆ ಹೋಗುವುದಿಲ್ಲ ಎಂದೆ. ನಾನು ಅಂದುಕೊಂಡೆ, ಸರಿ, ಈ ಕೋಣೆ ಆಗುವುದೇ ಇಲ್ಲ. ಇವನು ನನ್ನ ಹತ್ತಿರವೇ ಇರ್ತಾನೆ. ನನ್ನ ತಟ್ಟೆಯಲ್ಲಿ ಉಣ್ಣುವವನು ಇನ್ನೊಬ್ಬ ಬೇಡ ನನಗೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅರಬ್ಬಿ ಮರೆತುಹೋಗಿ ಕನ್ನಡದಲ್ಲೇ ಶುರು ಮಾಡಿದೆ. "ಇದು ಎಂಥ ಪ್ರೀತಿ ಮಾರಾಯ ನಿನ್ನದು? ಪ್ರೀತಿ ಇದ್ದವನು ಮನುಷ್ಯನ ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡೀತಾನಾ? ಆ ಬಿಸಿಲಿನಲ್ಲಿ ಇವರು ರಕ್ತ ಬೆವರಾಗಿಸಿ ಕಲ್ಲು ಕಡಿಯುವಾಗ ನೀನು ಕೂತು ಕಾವಾ ಕುಡಿದೆಯಲ್ಲ!" ಯಹ್ಯಾನಿಗೆ ಒಂದು ಪದವೂ ಅರ್ಥವಾಗದಿದ್ದರೂ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ. ಭಾವ ನನ್ನ ಕೈ ಹಿಡಿದು ಕೂರಿಸಿದರು.

"ಮಗಳ ಮದುವೆ ಅಂತ ಗೊತ್ತಿದ್ದೂ ಹೀಗೆ ಮಾಡಿದ್ಯಾ?" ಎಂದು ಕೇಳಿದರು.

"ಗೊತ್ತಿದ್ದೂ," ಎಂದ ಮುದುಕ. ಅಷ್ಟು ಹೇಳಿ ಎದ್ದು ಒಳಗೆ ಹೋದ. ಕಬ್ಬಿಣದ ಪೆಟ್ಟಿಗೆಯ ಸದ್ದು ಕೇಳಿಸಿತು. ತಂದ ಪಾಸ್‌ಪೋರ್ಟನ್ನು ಭಾವನ ಕೈಗೆ ಕೊಡಲಾಗದೆ ಅವರ ಮಡಿಲಿಗೆ ಹಾಕಿದ.

ಮರುದಿನವೇ ತಾನೇ ಜಿಜಾನ್‌ಗೆ ಹೋಗಿ ರಜೆಯ ವೀಸಾ ಮಾಡಿಸಿಕೊಂಡು ಬಂದ. ಹೊರಡುವ ದಿನ ವಿಮಾನ ನಿಲ್ದಾಣಕ್ಕೂ ಬಂದ. ಮದುಮಗಳಿಗೆಂದು ಜಿಜಾನ್‌ನ ಮಲ್ಲಿಗೆಯ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಶಂಕರಪುರ ಮಲ್ಲಿಗೆಯ ಊರಿಗೆ ಮಲ್ಲಿಗೆ! ಜಿದ್ದಾ, ಮುಂಬೈ ದಾಟಿ ಮಂಗಳೂರು ಮುಟ್ಟುವಾಗ ಅದು ಚಹಾ ಪುಡಿಯ ಹಾಗಾಗಿತ್ತು. ಭಾವ ಮಾತ್ರ ಅದನ್ನು ಯಾರ ಕೈಗೂ ಕೊಡದೆ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಬರ್ತೀಯಲ್ಲ?" ಎಂದು ಮುದುಕ ಕೇಳಿದಾಗ ಅವರು ಇನ್‌ಶಾಅಲ್ಲಾಹ್ ಎಂದಿದ್ದರು. ನಾವು ಅಲ್ಲಿಯವರಿಗೂ ಅದನ್ನೇ ಹೇಳುತ್ತೇವೆ, ಇಲ್ಲಿಯವರಿಗೂ ಅದನ್ನೇ ಹೇಳುತ್ತೇವೆ.

ನಿಕಾಹ್‌ಗೆ ನಾನೂ ಹೋಗಿದ್ದೆ. ಮದುಮಗಳ ಸೋದರಮಾವ, ಹೋಗದಿದ್ದರೆ ಅಕ್ಕ ಬಿಡುತ್ತಾಳೆಯೇ? ಅಂಗಳದ ಚಪ್ಪರದಲ್ಲಿ ಜನ ತುಂಬಿತ್ತು. ಭಾವ ಹೊಸ ಬಿಳಿ ಅಂಗಿ ತೊಟ್ಟು ಅಜ್ಮಲನ ಎದುರು ಕುಳಿತು ಅವನ ಬಲಗೈ ಹಿಡಿದುಕೊಂಡರು. ಮಸೀದಿಯ ಖತೀಬರು ಹೇಳಿಕೊಟ್ಟರು. ನನ್ನ ಮಗಳು ಶಹಲಾಳನ್ನು ನಿನಗೆ ನಿಕಾಹ್ ಮಾಡಿ ಕೊಟ್ಟಿದ್ದೇನೆ ಎಂದು ಭಾವ ಒಂದೊಂದೇ ಪದ ಗಟ್ಟಿಯಾಗಿ ಹೇಳಿದರು. ಒಳಗಿನ ಕೋಣೆಯ ಕಿಟಕಿಯಲ್ಲಿ ಹೆಂಗಸರು ಅಳುವುದು ಕೇಳಿಸಿತು. ಸ್ವೀಕರಿಸಿದ್ದೇನೆ ಎಂದು ಅಜ್ಮಲ್ ಹೇಳಿದ. ದುಆ ಮುಗಿಯಿತು. ಖರ್ಜೂರದ ತಟ್ಟೆ ಹೊರಗೆ ಬಂತು.

ಭಾವ ಹುಡುಗನ ಕೈ ಬಿಟ್ಟಿರಲಿಲ್ಲ.

"ಆಯ್ತು ಹಂಝಾಕ, ಮುಗೀತು, ಇನ್ನು ಬಿಡಬಹುದು," ಎಂದರು ಖತೀಬರು ನಗುತ್ತ.

"ನೀನು ದಮಾಮ್‌ಗೆ ಯಾವಾಗ?" ಎಂದು ಭಾವ ಅಳಿಯನನ್ನು ಕೇಳಿದರು.

"ಬರುವ ತಿಂಗಳು, ಮಾಮ."

"ಪಾಸ್‌ಪೋರ್ಟು ಎಲ್ಲಿದೆ?"

"ಮನೆಯಲ್ಲಿ. ಕಪಾಟಿನಲ್ಲಿ."

"ತಂದು ನನ್ನ ಹತ್ತಿರ ಕೊಡು. ನಾನು ಇಟ್ಟುಕೊಳ್ತೇನೆ."

ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು. ಅಜ್ಮಲನೂ ನಕ್ಕ, ಖತೀಬರೂ ನಕ್ಕರು. ಭಾವ ನಗಲಿಲ್ಲ, ಹುಡುಗನ ಕೈಯನ್ನೂ ಬಿಡಲಿಲ್ಲ.